ಇಳಿಜಾರಿಗೆ ದುಡ್ಡಿಲ್ಲ

ಮೂವತ್ತೊಂದು ವರ್ಷ
ಹಾಸನ–ಬೇಲೂರು ರೂಟಿನಲ್ಲಿ ಟಿಕೆಟ್ ಹರಿದವನು ನಾನು.
ದಾರಿಯನ್ನು ತುಂಡು ಮಾಡಿ ಮಾರುವುದು
ನನಗೇನು ಹೊಸತಲ್ಲ.
ಆದರೂ ಸಾಲಗಾಮೆ ರಸ್ತೆಯ ಮೊದಲ ಅಂಗಡಿಯ ಮುಂದೆ
ರಸೀದಿ ಪುಸ್ತಕ ಹಿಡಿದು ನಿಂತಾಗ
ನಾಲಿಗೆ ಒಣಗಿತು.
ಬಸ್ಸಿನಲ್ಲಿ ಅವರು ಹತ್ತುತ್ತಿದ್ದರು, ನಾನು ಕೇಳುತ್ತಿದ್ದೆ.
ಇಲ್ಲಿ ಮೆಟ್ಟಿಲು ಹತ್ತುವವನೂ ನಾನೇ.

ಮಾತು ಇಷ್ಟೇ:
ಭಾನುವಾರ ಸೈಕಲ್ ಜಾಥಾ, ನಲವತ್ತು ಕಿಲೋಮೀಟರು.
ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಹೊರಗೆ
ರೋಗಿಯ ಜೊತೆ ಬಂದವರು
ನೆಲಕ್ಕೆ ಪೇಪರ್ ಹಾಸಿ ಮಲಗುತ್ತಾರೆ.
ಅವರಿಗೆ ಹನ್ನೆರಡು ಮಂಚ.
ನಾನು ತುಳಿಯುತ್ತೇನೆ,
ನೀವು ಕಿಲೋಮೀಟರಿಗಿಷ್ಟು ಅಂತ ಕೊಡಿ.

“ತುಳೀದಿದ್ರೂ ಮಂಚ ಬರುತ್ತಲ್ಲ,
ದುಡ್ಡು ತಗೊಂಡು ಮನೇಲಿ ಕೂತ್ಕೊಳ್ಳಿ” ಅಂದರು
ಮೆಡಿಕಲ್ ಸ್ಟೋರಿನ ಧರಣೇಂದ್ರಯ್ಯ.
ನಿಜ. ನನ್ನಲ್ಲಿ ಉತ್ತರವಿರಲಿಲ್ಲ.
ಐನೂರು ಬರೆಸಿದರು, ಹೆಸರು ಬೇಡವೆಂದರು,
ರಸ್ತೆ ದಾಟಿದ ಮೇಲೆ ಕೂಗಿ ಕರೆದು
“ಹಾಕ್ಬಿಡಿ, ಇನಿಷಿಯಲ್ ಬಿಡಬೇಡಿ” ಎಂದರು.

ಆಲೂಗಡ್ಡೆ ಮಂಡಿಯ ಚಲುವೇಗೌಡರು
ತಕ್ಕಡಿಯಿಂದ ಕಣ್ಣು ತೆಗೆಯದೆ ಕೇಳಿದರು:
“ದಾರೀಲಿ ಇಳಿಜಾರೆಷ್ಟು?”
“ಇದಾವೆ, ಅಲ್ಲಲ್ಲಿ.”
“ಏರುದಾರಿಗೆ ಹತ್ತು ರೂಪಾಯಿ. ಇಳಿಜಾರಿಗೆ ದುಡ್ಡಿಲ್ಲ.
ಅಲ್ಲಿ ನೀನೇನು ಮಾಡ್ತೀಯ, ದಾರೀನೇ ಮಾಡುತ್ತೆ.”
ಮಣ್ಣು ಕಳೆದು ತೂಕ ಹಾಕುವವರ ನ್ಯಾಯ.
ಅರ್ಧ ಗಂಟೆ ಮೂಟೆಯ ಮೇಲೆ ಕೂತು
ರಟ್ಟಿನ ಚೂರಿನಲ್ಲಿ ಇಡೀ ರೂಟಿನ ಏರು ಕೂಡಿಸಿದೆವು,
ಹದಿನೇಳೂವರೆ.
ಅಷ್ಟು ವರ್ಷ ನಿಂತೇ ಹೋದ ದಾರಿ
ಎಲ್ಲೆಲ್ಲಿ ಏರುತ್ತದೆಂದು
ಮೊಣಕಾಲು ಒಂದೊಂದಾಗಿ ಹೇಳಿತು.

ಕಟ್ಟಿನಕೆರೆ ಮಾರ್ಕೆಟ್ಟಿನ ಹೂವಿನ ಸಣ್ಣತಾಯಮ್ಮ
ನನ್ನನ್ನು ಕಂಡದ್ದೇ
“ಬುಟ್ಟಿಗೂ ಟಿಕೆಟ್ ಹರಿದವನಲ್ವೇ ನೀನು” ಅಂದಳು.
ಹದಿನೈದು ವರ್ಷದ ಹಿಂದಿನ ಏಳು ರೂಪಾಯಿ,
ಇನ್ನೂ ಬಾಡಿರಲಿಲ್ಲ.
ಸೆರಗಿನ ಗಂಟು ಬಿಚ್ಚಿ ಇಪ್ಪತ್ತರ ನೋಟು ಕೊಟ್ಟು
“ನಂಗೆ ಕೊನೇ ಕಿಲೋಮೀಟ್ರು ಕೊಡು.”
ಹಾಗೆ ಬಿಡಿಯಾಗಿ ಕೊಡಲ್ಲ ಅನ್ನಲು ಬಾಯಿ ತೆರೆದವನು
ಬರೆದುಕೊಟ್ಟೆ: ನಲವತ್ತನೆಯದು.

ಭಾನುವಾರ ಬಣ್ಣದ ಟೋಪಿಯ ಹುಡುಗರು
ಕಂದಲಿ ಬರುವ ಮೊದಲೇ ಕಣ್ಮರೆ.
ಹಗರೆಯಲ್ಲಿ ಎರಡು ಬಾಳೆಹಣ್ಣು.
ನನ್ನ ಹಳೇ ರೂಟಿನ ಬಸ್ಸು ಹಿಂದಿನಿಂದ ಬಂದು
ಬಾಗಿಲಲ್ಲಿ ನಿಂತ ಕಂಡಕ್ಟರ್ ಹುಡುಗಿ
ಎರಡು ಸಲ ವಿಷಲ್ ಊದಿ ಹೋದಳು.
ರೈಟ್, ರೈಟ್.
ಮೂವತ್ತೇಳರ ದಿಬ್ಬದ ತುದಿಯಲ್ಲಿ
ತೊಡೆ ಕಲ್ಲಾಯಿತು.
ಸೈಕಲ್ಲನ್ನೂ ನನ್ನನ್ನೂ ಆಂಬುಲೆನ್ಸಿಗೆ ಎತ್ತಿ ಹಾಕಿದರು.
ಲಗೇಜಿನ ಹಾಗೆ ಬೇಲೂರು ತಲುಪಿದೆ.

ಸೋಮವಾರ ಲೆಕ್ಕ ಒಪ್ಪಿಸಬೇಕಲ್ಲ.
ಡಿಪೋದಲ್ಲಿ ಕಲಿತದ್ದು, ಬಿಡುವುದಿಲ್ಲ.
ಧರಣೇಂದ್ರಯ್ಯ “ಹೋಗ್ಲಿ ಬಿಡ್ರಿ” ಎಂದು ಕೈ ಬೀಸಿ
ಕಾಲಿಗೆ ಹಚ್ಚಲು ಒಂದು ಟ್ಯೂಬು ಕೊಟ್ಟರು, ಅದಕ್ಕೆ ದುಡ್ಡು ತಗೊಂಡರು.
ಚಲುವೇಗೌಡರು ರಟ್ಟು ಹುಡುಕಿ ಬೆರಳಾಡಿಸಿ
“ಕೊನೇ ಮೂರೂ ಇಳಿಜಾರೇ ಕಣಯ್ಯ,
ನಿಂದೇನೂ ಬಾಕಿ ಇಲ್ಲ.”
ಸಣ್ಣತಾಯಮ್ಮ ನೋಟು ಮುಟ್ಟಲಿಲ್ಲ.
ಮಾರು ಅಳೆಯುತ್ತಲೇ ಅಂದಳು:
“ದುಡ್ಡು ನೀನಿಟ್ಕೋ.
ನನ್ನ ಕಿಲೋಮೀಟ್ರು ಎಲ್ಲಿ?”

ಹಾಗಾಗಿ ಮಂಗಳವಾರ, ಮೊದಲ ಬಸ್ಸಿನ ಟಾಪಿಗೆ
ಸೈಕಲ್ ಕಟ್ಟಿಸಿ,
ಹುಡುಗಿ ಬೇಡವೆಂದರೂ ಲಗೇಜ್ ಹರಿಸಿಕೊಂಡು,
‘ಬೇಲೂರು ೩’ ಎಂದಿರುವ ಕಲ್ಲಿನ ಹತ್ತಿರ ಇಳಿದೆ.
ಬ್ಯಾನರಿಲ್ಲ, ಬಾಳೆಹಣ್ಣಿಲ್ಲ.
ಹಾಲಿನ ಕ್ಯಾನಿನವನೊಬ್ಬ ತಿರುಗಿ ನೋಡಿದ.
ತುಳಿಯುವ ಕೆಲಸವೇ ಇರಲಿಲ್ಲ,
ಗೌಡರು ಹೇಳಿದ್ದು ಸರಿ.
ಎರಡು ಕಿಲೋಮೀಟರು ಗಾಳಿಯ ಹಾಗೆ ಹೋದವು.
ಮೂರನೆಯದಕ್ಕೆ ಮಾತ್ರ
ಎರಡೂ ಬ್ರೇಕು ಹಿಡಿದೆ.
ಇಪ್ಪತ್ತು ರೂಪಾಯಿಯದು,
ಬೇಗ ಮುಗಿಯಬಾರದು.